ಸುತ್ತು

ಮೊದಲ ದಿನ ಒಂದು ಹಾಳೆ ಕೊಟ್ಟರು.
‘ಸಾವೆಂದರೆ ನಿಮಗೆಷ್ಟು ಭಯ?
ಒಂದರಿಂದ ಐದರೊಳಗೆ ಸುತ್ತು ಹಾಕಿ.’
ಒಂದಕ್ಕೆ ಹಾಕಿದೆ, ಪೆನ್ನು ಒತ್ತಿ.
ಸುತ್ತುವುದು ನನಗೆ ಹೊಸದಲ್ಲ,
ಹದಿನೇಳು ವರ್ಷ ದಾವಣಗೆರೆಯ ಮಿಲ್ಲಿನಲ್ಲಿ
ನೂಲು ಸುತ್ತಿದ ಕೈ.
ಅತ್ತೆ, ಮಾವ, ನಡುವಿನ ತಂಗಿ, ನಮ್ಮ ಮನೆಯವರು,
ನಾಲ್ಕು ಹೆಣಕ್ಕೆ ನೀರೆರೆದವಳು,
ಮೂಗಿಗೆ ಹತ್ತಿ ಇಟ್ಟವಳು.
ನನಗೇನು ಕಲಿಸುತ್ತಾರೆ ಇವರು?

ನಿಟುವಳ್ಳಿಯಲ್ಲೊಂದು ಮಹಡಿ.
ಕೆಳಗೆ ಖಾರ ಕುಟ್ಟುವ ಗಿರಣಿ.
ಹತ್ತು ಶನಿವಾರ, ಹನ್ನೊಂದು ಜನ,
ಸೀನುತ್ತ ಸೀನುತ್ತಲೇ ಕಲಿತೆವು.

ಸಿಸ್ಟರ್ ಜೆಸಿಂತಾ ಬೋರ್ಡಿನ ಮೇಲೆ ಬರೆದು
ಅಡ್ಡಗೆರೆ ಎಳೆದ ಮಾತುಗಳು:
ಏನೂ ಆಗಲ್ಲ.
ಧೈರ್ಯವಾಗಿರಿ.
ದೇವರಿದ್ದಾನೆ.
ನಮ್ಮತ್ತಿಗೂ ಹಿಂಗೇ ಆಗಿತ್ತು.
ನಿವೃತ್ತ ಎಲ್ಲೈಸಿ ಏಜೆಂಟ್ ಬಕ್ಕೇಶಪ್ಪನವರು ಎದ್ದು ನಿಂತರು:
‘ಇವನ್ನೆಲ್ಲ ಕಿತ್ಕೊಂಡ್ರೆ
ನಮ್ಮ ಬಾಯಾಗೆ ಉಳಿಯೋದೇನ್ರೀ ಸಿಸ್ಟರ್?’
‘ಅದನ್ನೇ ನೋಡೋಣ’ ಅಂದರಾಕೆ,
ಒಬ್ಬರೆದುರು ಒಬ್ಬರನ್ನು ಕೂರಿಸಿ
ಐದು ನಿಮಿಷ ಸುಮ್ಮನಿರಲು ಹೇಳಿದರು.
ನನ್ನೆದುರು ಬಕ್ಕೇಶಪ್ಪ.
ಎರಡನೇ ನಿಮಿಷಕ್ಕೆ ಅವರ ಗಂಟಲು ಏರಿಳಿಯಿತು,
ಮೂರಕ್ಕೆ ನಾನು ಸೆರಗು ಸರಿಪಡಿಸಿದೆ,
ನಾಲ್ಕರಲ್ಲಿ ಕೆಳಗೆ ಗಿರಣಿಯೂ ನಿಂತಿತು.

ಆಮೇಲೆ ಕೈಕೆಲಸ.
ಮಲಗಿದವರನ್ನು ಮಗ್ಗುಲಾಗಿಸಿ ಅರ್ಧ ಚಾದರ,
ಮತ್ತೆ ಇನ್ನರ್ಧ.
ಮುಟ್ಟುವ ಮುನ್ನ ಕೇಳುವುದು.
ಆರನೇ ವಾರ ಹತ್ತಿ ತಂದರು:
ಕಡ್ಡಿಗೆ ಸುತ್ತಿ, ನೀರಲ್ಲದ್ದಿ, ಹಿಂಡಿ,
ಒಣಗಿದ ತುಟಿಗೆ, ಒಸಡಿಗೆ, ನಾಲಿಗೆಯಂಚಿಗೆ.
ಎಲ್ಲರಿಗಿಂತ ಚೆಂದ ಸುತ್ತಿದವಳು ನಾನೇ.
ಸುತ್ತಿದ್ದು ಕೈಯಲ್ಲೇ ನಿಂತಿತು.
ಈ ಹತ್ತಿಯನ್ನು ಯಾವತ್ತೂ
ಒಂದು ತಾಸು ಮೊದಲು ಇಟ್ಟವಳಲ್ಲ ನಾನು.
ನಮ್ಮ ಮನೆಯವರು ಮೂರು ದಿನ ಬಾಯಿ ತೆರೆದೇ ಇದ್ದರು.
ನಾನು ಬಂದವರಿಗೆಲ್ಲ ಚಹಾ ಮಾಡುತ್ತಿದ್ದೆ.

ಮಂಡಕ್ಕಿ ಭಟ್ಟಿ ಸಾಲಿನ ಕೊನೆಯ ಮನೆ, ಚಮನ್‌ಸಾಬ್ರು.
ನಲವತ್ತು ವರ್ಷ ಬಿಸಿ ಮರಳಲ್ಲಿ ಅಕ್ಕಿ ಅರಳಿಸಿದವರು.
ಈಗ ಗಂಟಲಲ್ಲಿ ಗಂಟು, ಒಂದು ಕಾಳೂ ಇಳಿಯದು.
‘ಇನ್ನೆಷ್ಟು ದಿನ ಅಕ್ಕಾ?’
ಕಲಿತದ್ದನ್ನೇ ಹೇಳಿದೆ: ‘ನಿಮಗೇನನ್ನಿಸ್ತದೆ?’
ನಕ್ಕರು. ನಗು ಕೆಮ್ಮಾಯಿತು.
‘ಹಿಂಗಂತ ಹೇಳ್ಕೊಟ್ಟಾರ ನಿಮಗೆ, ಹೌದಲ್ಲ?
ಹೋದ ವಾರ ಬಂದ ಹುಡುಗೀನೂ ಇದನ್ನೇ ಕೇಳಿದ್ಲು.’
ಇದಕ್ಕೆ ಪಾಠದಲ್ಲಿ ಉತ್ತರವಿರಲಿಲ್ಲ.
‘ಗೊತ್ತಿಲ್ಲ ಚಮನ್‌ಸಾಬ್ರೆ.’
‘ನಂಗೂ’ ಅಂದರು. ‘ಕುತ್ಕ.’
ಕೂತೆ. ಕಿಟಕಿಯಾಚೆ ಭಟ್ಟಿ ಹೊತ್ತಿತ್ತು.
ಅಕ್ಕಿ ಸಿಡಿಯುವ ಸದ್ದಿಗೆ ಅವರ ಬೆರಳು
ಮಂಚದ ಪಟ್ಟಿಯ ಮೇಲೆ ಕುಟ್ಟುತ್ತಿತ್ತು:
‘ಮರಳು ಕಾದಿಲ್ಲ ಇನ್ನೂ. ಹುಡುಗ್ರಿಗೆ ಅವಸರ.’
ತುಟಿ ಒದ್ದೆ ಮಾಡಲಾ, ಕೇಳಿದೆ.
ಬೇಡವೆಂದರು.
ಎಷ್ಟೋ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ,
ತಾವೇ ಬಾಯಿ ತೆರೆದರು.

ಹತ್ತನೇ ಶನಿವಾರ ಅದೇ ಹಾಳೆ, ಅದೇ ಪ್ರಶ್ನೆ.
ಮೂರಕ್ಕೆ ಸುತ್ತು ಹಾಕಿದೆ.
ಸಿಸ್ಟರ್ ಎರಡೂ ಹಾಳೆ ಪಕ್ಕಪಕ್ಕ ಇಟ್ಟು
‘ಏನ್ರೀ ಹಾಲಮ್ಮಾರೆ, ಭಯ ಜಾಸ್ತಿ ಆಯ್ತಲ್ಲ?
ನಮ್ಮ ಪಾಠವೇ ಕೆಟ್ಟೋಯ್ತಾ?’
‘ಅವತ್ತು ಹೆಣ ನೆನಸಿ ಹಾಕಿದ್ದೆ ಸಿಸ್ಟರ್.
ಇವತ್ತು ಬಾಯಿ ನೆನಸಿ.’
ಅವರು ಏನನ್ನೋ ಬರೆದುಕೊಂಡರು.

ಮೆಟ್ಟಿಲಿಳಿಯುವಾಗ ಖಾರದ ಘಾಟು.
ಜೋರಾಗಿ ಸೀನಿದೆ.
ಹಿಂದೆ ಬರುತ್ತಿದ್ದ ಬಕ್ಕೇಶಪ್ಪನವರು
ರೂಢಿಯಂತೆ ‘ನೂರು ವರ್ಷ…’ ಎಂದವರು
ಅರ್ಧಕ್ಕೇ ನಿಲ್ಲಿಸಿ
ಜೇಬಿಂದ ಕರ್ಚೀಫು ತೆಗೆದು ಕೊಟ್ಟರು.